ಔಷಧ ನಿಯಂತ್ರಕರಿಗೆ ಬಹಿರಂಗ ಪತ್ರ: ‘ಸಂಶೋಧನೆಗೆ ಮಾತ್ರ’ ಅಂತ ಲೇಬಲ್ ಅಂಟಿಸಿದರೆ ಸಾಕಾ?

ರಾಜ್ಯದ ಔಷಧ ನಿಯಂತ್ರಕರಿಗೆ,
ಅರಮನೆ ರಸ್ತೆ, ಬೆಂಗಳೂರು

ನಮಸ್ಕಾರ.

ನಾನು ರಾಜಾಜಿನಗರದ ಕಡೆ ಮೆಡಿಕಲ್ ಸ್ಟೋರ್ ನಡೆಸುವವನು. ರಿಜಿಸ್ಟರ್ಡ್ ಫಾರ್ಮಸಿಸ್ಟ್. ನಿಮ್ಮ ಇಲಾಖೆ ಕೊಟ್ಟ ಫಾರ್ಮ್ 20, ಫಾರ್ಮ್ 21 ಲೈಸೆನ್ಸ್ ಎರಡೂ ಕ್ಯಾಶ್ ಕೌಂಟರ್ ಹಿಂದಿನ ಗೋಡೆ ಮೇಲೆ ಫ್ರೇಮಿನಲ್ಲಿವೆ. ಇನ್‌ಸ್ಪೆಕ್ಟರ್ ಬಂದಾಗ ಫ್ರಿಜ್ ತೆಗೆದು ಥರ್ಮಾಮೀಟರ್ ತೋರಿಸುತ್ತೇನೆ, ಚೀಟಿ ನೋಡಿಯೇ ಕೊಡಬೇಕಾದ ಕೆಲವು ಔಷಧಿಗಳ ಲೆಕ್ಕ ಇಡುವ ಎಚ್1 ರಿಜಿಸ್ಟರ್ ತೋರಿಸುತ್ತೇನೆ, ಖರೀದಿ ಬಿಲ್ಲಿನ ಫೈಲ್ ತೋರಿಸುತ್ತೇನೆ. ಡೇಟ್ ಮುಗಿದ ಒಂದು ಸ್ಟ್ರಿಪ್ ಕಣ್ತಪ್ಪಿ ರ‍್ಯಾಕಿನಲ್ಲಿ ಉಳಿದಿದ್ದರೆ ನೋಟಿಸ್ ಬರುತ್ತದೆ. ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಔಷಧಿ ಮಾರುವವನು ಇಷ್ಟಾದರೂ ಲೆಕ್ಕ ಕೊಡಬೇಕು.

ತಕರಾರು ಇರುವುದು ಬೇರೆ ಕಡೆ. ಇದೇ ಊರಿನಲ್ಲಿ, ಲೈಸೆನ್ಸ್ ಇಲ್ಲ, ಫ್ರಿಜ್ ಇಲ್ಲ, ಬಿಲ್ ಇಲ್ಲ, ಡಾಕ್ಟರ ಚೀಟಿಯ ಮಾತಂತೂ ಇಲ್ಲವೇ ಇಲ್ಲ, ಜನ ತಮ್ಮ ಹೊಟ್ಟೆಗೆ ತಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಮಾರಾಟವಾಗುತ್ತಿದೆ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್, ಯುಪಿಐನಲ್ಲಿ ದುಡ್ಡು, ಕೊರಿಯರ್‌ನಲ್ಲಿ ಮಾಲು. ಇವುಗಳ ಹೆಸರು ಪೆಪ್ಟೈಡ್. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅಷ್ಟು ಬರೆದರೆ ಕಾನೂನಿನ ಕೈ ಅಲ್ಲಿಗೆ ತಲುಪಲ್ಲ ಅಂತ ಮಾರುವವರ ಲೆಕ್ಕ. ನೀವೂ ಅದೇ ಲೆಕ್ಕ ಒಪ್ಪಿಕೊಂಡಿದ್ದೀರಾ ಅನ್ನುವ ಅನುಮಾನ ಬಂದಿದ್ದರಿಂದ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೆಪ್ಟೈಡ್ ವಿರೋಧಿ ಅಲ್ಲ. ಆಗೋದಕ್ಕೂ ಸಾಧ್ಯವಿಲ್ಲ, ನನ್ನ ಫ್ರಿಜ್ಜಿನ ಅರ್ಧ ತುಂಬಿರುವುದೇ ಅದರಿಂದ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿದ ಸರ. ಇನ್ಸುಲಿನ್‌ನಲ್ಲಿ 51 ಇವೆ. ಹೆರಿಗೆ ವಾರ್ಡಿನಲ್ಲಿ ಕೊಡುವ ಆಕ್ಸಿಟೋಸಿನ್‌ನಲ್ಲಿ ಬರೀ 9. ಅಮೆರಿಕದ ಕಾನೂನು 40ರವರೆಗೆ ಪೆಪ್ಟೈಡ್, ಅದಕ್ಕಿಂತ ಉದ್ದ ಇದ್ದರೆ ಪ್ರೋಟೀನ್ ಅಂತ ಗೆರೆ ಎಳೆದಿದೆ, ಹಾಗಾಗಿ 2020ರ ಮಾರ್ಚಿನಿಂದ ಅಲ್ಲಿ ಇನ್ಸುಲಿನ್ ಬಯಾಲಜಿಕ್, ಅಂದರೆ ಜೈವಿಕ ಔಷಧಿಗಳ, ಲೆಕ್ಕಕ್ಕೆ ಹೋಯಿತು. ಅದು ಅವರ ವಿಂಗಡಣೆ, ಸಕ್ಕರೆ ಕಾಯಿಲೆಯವರಿಗೆ ಎರಡೂ ಒಂದೇ. ಈ ವಿದ್ಯೆಯಲ್ಲಿ ನಮ್ಮ ಊರು ಹಿಂದೆ ಬಿದ್ದಿಲ್ಲ ಅನ್ನುವುದನ್ನೂ ಹೇಳಬೇಕು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಜಿ. ಎನ್. ರಾಮಚಂದ್ರನ್ ಕಟ್ಟಿದ ವಿಭಾಗದಲ್ಲಿ ಪಿ. ಬಲರಾಮ್ ಅಂಥವರು ದಶಕಗಟ್ಟಲೆ ಪೆಪ್ಟೈಡ್‌ಗಳ ಮೇಲೆಯೇ ಕೆಲಸ ಮಾಡಿದರು. ಬಯೋಕಾನ್ 2004ರಲ್ಲೇ ತನ್ನ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಇಂಥ ಊರಿನಲ್ಲಿ ಪೆಪ್ಟೈಡ್ ಅಂದರೆ ಜಿಮ್ ಬ್ಯಾಗಿನಲ್ಲಿ ಬರುವ ಬಾಟಲಿ ಅನ್ನುವ ಹಾಗಾಗಿದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ.

ಏನೇನು ಬರುತ್ತಿದೆ ಗೊತ್ತಾ? ಮೊಣಕಾಲು, ಭುಜದ ನೋವಿಗೆ ಅಂತ ಬಿಪಿಸಿ-157. ಸ್ನಾಯು ಬೆಳೆಯಲಿ ಅಂತ ಸಿಜೆಸಿ-1295, ಇಪಾಮೊರೆಲಿನ್. ಚರ್ಮದ ಬಣ್ಣ ಕಂದಾಗಲಿ ಅಂತ ಮೆಲನೋಟಾನ್ (ನಮ್ಮ ದೇಶದಲ್ಲಿ ಇದನ್ನು ಯಾರು ಕೊಳ್ಳುತ್ತಾರೋ ನಾನರಿಯೆ). ಅದರ ಉಲ್ಟಾ, ಬೆಳ್ಳಗಾಗಲಿ ಅಂತ ಗ್ಲುಟಾಥಯೋನ್, ಇದು ಮೂರೇ ಅಮೈನೋ ಆಮ್ಲದ ಪುಟ್ಟ ಪೆಪ್ಟೈಡ್. ಬಣ್ಣ ಬಿಳಿ ಮಾಡುತ್ತದೆ ಅಂತ ಯಾವ ಔಷಧಿಯ ಬಗ್ಗೆಯೂ ಹೇಳಿಕೊಳ್ಳುವ ಹಾಗಿಲ್ಲ ಅಂತ ಔಷಧ ನಿಯಮಗಳ ಶೆಡ್ಯೂಲ್ ಜೆಯಲ್ಲೇ ಇದೆ, ಆದರೂ ಬ್ಯೂಟಿ ಕ್ಲಿನಿಕ್ಕುಗಳ ಬೋರ್ಡು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಇವೆಲ್ಲಕ್ಕಿಂತ ಜಾಸ್ತಿ ಓಡುತ್ತಿರುವುದು ತೂಕ ಇಳಿಸುವ ಪುಡಿಗಳು. ಸೆಮಾಗ್ಲುಟೈಡ್, ಟಿರ್ಜೆಪಟೈಡ್, ಮತ್ತೆ ಈಗ ರೆಟಾಟ್ರುಟೈಡ್. ಮೊದಲ ಎರಡಕ್ಕೆ ನಮ್ಮ ದೇಶದಲ್ಲಿ ಅನುಮತಿ ಇದೆ. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಬಂತು, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಅದೇ ವರ್ಷ ಜೂನಿನಲ್ಲಿ. ರೆಟಾಟ್ರುಟೈಡ್ ಪ್ರಯೋಗದ ಹಂತದಲ್ಲಿರುವ ಔಷಧಿ. 2023ರಲ್ಲಿ ಬಂದ ಎರಡನೇ ಹಂತದ ಫಲಿತಾಂಶದಲ್ಲಿ, ಅತಿ ಹೆಚ್ಚಿನ ಡೋಸ್ ತೆಗೆದುಕೊಂಡವರ ತೂಕ 48 ವಾರಕ್ಕೆ ಸರಾಸರಿ ಶೇ 24ರಷ್ಟು ಇಳಿದಿತ್ತು. ಆ ಸುದ್ದಿ ಓದಿದ ಮೇಲೆ ಜನ ಕಾಯುತ್ತಾರಾ? ಕಾಯಲಿಲ್ಲ.

ನನ್ನ ಕೌಂಟರಿಗೇ ಬಂದ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಹುಡುಗ, ಐಟಿ ಕಂಪನಿಯ ಐಡಿ ಕಾರ್ಡ್ ಕೊರಳಲ್ಲಿತ್ತು. “ಅಣ್ಣ, ಇನ್ಸುಲಿನ್ ಸಿರಿಂಜ್ ಕೊಡಿ” ಅಂದ. ಯಾವುದು ಬೇಕು ಅಂದೆ. “ಯಾವುದಾದರೂ ಪರವಾಗಿಲ್ಲ, ಸಣ್ಣ ಸೂಜಿ ಇರೋದು.” ಸಕ್ಕರೆ ಕಾಯಿಲೆ ಇರುವವರು ಹಾಗೆ ಕೇಳಲ್ಲ. ಅವರಿಗೆ ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳದ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಯಾರಿಗಪ್ಪ ಅಂತ ವಿಚಾರಿಸಿದರೆ ಫೋನ್ ತೆಗೆದು ಫೋಟೋ ತೋರಿಸಿದ. ಹೆಬ್ಬೆರಳ ಗಾತ್ರದ ಗಾಜಿನ ವಯಲ್, ತಳದಲ್ಲಿ ಬಿಳಿ ಪುಡಿ ಬಿಲ್ಲೆಯ ಹಾಗೆ ಕೂತಿದೆ, ನೀಲಿ ಮುಚ್ಚಳ. ಲೇಬಲ್ ಮೇಲೆ ‘ಸೆಮಾಗ್ಲುಟೈಡ್ 10 ಮಿ.ಗ್ರಾಂ’ ಅಂತ ಇದೆ. ತಯಾರಕರ ಹೆಸರಿಲ್ಲ, ವಿಳಾಸವಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಎಂಆರ್‌ಪಿ ಇಲ್ಲ. ಇದರ ಜೊತೆ ಒಂದು ಬಾಟಲಿ ನೀರು ಬಂದಿದೆಯಂತೆ. ಎರಡು ಎಂಎಲ್ ನೀರು ಹಾಕಿ ಕರಗಿಸು, ವಾರಕ್ಕೊಮ್ಮೆ ಐದು ಪಾಯಿಂಟ್ ಎಳೆದುಕೋ ಅಂತ ಜಿಮ್ಮಿನ ಟ್ರೈನರ್ ವಾಯ್ಸ್ ನೋಟ್ ಕಳಿಸಿದ್ದಾನೆ.

ಈ ‘ಐದು ಪಾಯಿಂಟ್’ ಎಷ್ಟು ಅಪಾಯದ್ದು ಅಂತ ನಿಮಗೆ ಗೊತ್ತೇ ಇರುತ್ತದೆ, ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರಲ್ಲ, ಲೆಕ್ಕ ಬಿಡಿಸಿ ಬರೆಯುತ್ತೇನೆ. 10 ಮಿಲಿಗ್ರಾಂ ಪುಡಿಗೆ 2 ಎಂಎಲ್ ನೀರು ಅಂದರೆ ಒಂದು ಎಂಎಲ್‌ಗೆ 5 ಮಿಲಿಗ್ರಾಂ. ಸೆಮಾಗ್ಲುಟೈಡ್ ಶುರು ಮಾಡುವಾಗ ಡಾಕ್ಟರು ಕೊಡುವ ಡೋಸ್ ವಾರಕ್ಕೆ 0.25 ಮಿಲಿಗ್ರಾಂ. ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಒಂದು ಎಂಎಲ್‌ಗೆ 100 ಗೆರೆ, ಅದರಲ್ಲಿ ಐದು ಗೆರೆ ಎಳೆದರೆ ಸರಿಯಾಗಿ 0.25. ಕೆಂಪು ಮುಚ್ಚಳದ್ದರಲ್ಲಿ ಒಂದು ಎಂಎಲ್‌ಗೆ 40 ಗೆರೆ. ಅದರಲ್ಲಿ ಅದೇ ಐದು ಗೆರೆ ಎಳೆದರೆ ಒಳಗೆ ಹೋಗುವುದು 0.625 ಮಿಲಿಗ್ರಾಂ. ಎರಡೂವರೆ ಪಟ್ಟು! ಇಂಟರ್‌ನೆಟ್ಟಿನಲ್ಲಿ ಸಿಗುವ ವಿಡಿಯೋಗಳೆಲ್ಲ ಹೊರದೇಶದ್ದು, ಅಲ್ಲಿ ಎಲ್ಲರ ಕೈಯಲ್ಲೂ 100 ಗೆರೆಯ ಸಿರಿಂಜೇ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿ ಇವತ್ತಿಗೂ ಮನೆಮನೆಯಲ್ಲಿದೆ, ಸಿರಿಂಜ್ ಕೇಳಿದರೆ ಎಷ್ಟೋ ಅಂಗಡಿಯವರು ಕೈಗೆ ಸಿಕ್ಕ ಕೆಂಪು ಮುಚ್ಚಳದ್ದನ್ನೇ ಕೊಡುತ್ತಾರೆ. ಆ ಹುಡುಗನಿಗೆ ಸಿರಿಂಜ್ ಕೊಡಲಿಲ್ಲ. ಅವನು ಬೇಜಾರು ಮಾಡಿಕೊಂಡು ಹೋದ. ಪಕ್ಕದ ರಸ್ತೆಯಲ್ಲಿ ಸಿಕ್ಕಿರುತ್ತದೆ ಬಿಡಿ.

ಇಷ್ಟೆಲ್ಲ ಲೆಕ್ಕ ಹಾಕಿದ್ದು ವಯಲ್ ಒಳಗೆ ನಿಜವಾಗಿಯೂ 10 ಮಿಲಿಗ್ರಾಂ ಸೆಮಾಗ್ಲುಟೈಡ್ ಇದೆ ಅಂದುಕೊಂಡು. ಇದೆಯಾ? ಯಾರಿಗೆ ಗೊತ್ತು!

ಕೇಳಿದರೆ ಮಾರುವವರು ಒಂದು ಪಿಡಿಎಫ್ ಕಳಿಸುತ್ತಾರೆ. ಎಚ್‌ಪಿಎಲ್‌ಸಿ ರಿಪೋರ್ಟ್ (ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಯಂತ್ರದ ವರದಿ), ಶುದ್ಧತೆ ಶೇ 99. ನೋಡಿದವರಿಗೆ ಸಮಾಧಾನ ಆಗುತ್ತದೆ. ಆದರೆ ಎಚ್‌ಪಿಎಲ್‌ಸಿ ಹೇಳುವುದು, ಆ ಯಂತ್ರದ ಕಣ್ಣಿಗೆ ಬಿದ್ದ ಪೆಪ್ಟೈಡ್ ಅಂಶದಲ್ಲಿ ಬೇಕಾದ್ದು ಎಷ್ಟು ಪಾಲು ಅಂತ. ಪುಡಿಯಲ್ಲಿ ಎಷ್ಟು ಉಪ್ಪು, ಎಷ್ಟು ತೇವ ಸೇರಿದೆ ಅಂತ ಅದು ಹೇಳಲ್ಲ. ಬ್ಯಾಕ್ಟೀರಿಯಾ ಇಲ್ಲ ಅಂತ ಹೇಳಲ್ಲ. ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ಎಂಡೋಟಾಕ್ಸಿನ್ ಇದೆಯಲ್ಲ, ರಕ್ತಕ್ಕೆ ಸೇರಿದರೆ ಚಳಿಜ್ವರ ಬರಿಸಿ ಬಿಪಿ ಇಳಿಸುವಂಥದ್ದು, ನೀರಿನಲ್ಲಿ ಕುದಿಸಿದರೂ ಹೋಗದಂಥದ್ದು, ಅದರ ಬಗ್ಗೆಯೂ ಹೇಳಲ್ಲ. ಇಂಜೆಕ್ಷನ್ ತಯಾರಿಸುವ ಲೈಸೆನ್ಸ್ ಇರುವ ಕಂಪನಿ ಬ್ಯಾಕ್ಟೀರಿಯಾ, ಎಂಡೋಟಾಕ್ಸಿನ್ ಇವೆರಡರ ಪರೀಕ್ಷೆ ಮಾಡದೆ ಒಂದು ಬ್ಯಾಚ್ ಕೂಡ ಗೇಟಿನಿಂದ ಹೊರಗೆ ಕಳಿಸುವಂತಿಲ್ಲ. ಪಿಡಿಎಫ್‌ನಲ್ಲಿರುವ ಬ್ಯಾಚು, ಕೈಯಲ್ಲಿರುವ ಬಾಟಲಿ ಒಂದೇ ಅನ್ನುವುದಕ್ಕೆ ಯಾವ ಸಾಕ್ಷಿಯೂ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಒಳಗೆ ಬೇರೆಯದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರಿಯಾ ನೋಡಿ. 2023ರಲ್ಲಿ ಅಲ್ಲಿ ನಕಲಿ ಒಜೆಂಪಿಕ್ (ಸೆಮಾಗ್ಲುಟೈಡ್‌ನ ಒಂದು ಬ್ರ್ಯಾಂಡ್) ಪೆನ್ ಚುಚ್ಚಿಕೊಂಡವರು ಸಕ್ಕರೆ ಅಂಶ ಕುಸಿದು ಆಸ್ಪತ್ರೆ ಸೇರಿದರು. ಪೆನ್ನಿನಲ್ಲಿ ಇನ್ಸುಲಿನ್ ಇತ್ತು ಅನ್ನುವ ಶಂಕೆಯನ್ನು ಅಲ್ಲಿನ ಔಷಧ ಇಲಾಖೆಯೇ ಹೇಳಿತು. 2024ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅವು ಅಸಲಿ ಹೆಸರು ಹೊತ್ತ ನಕಲಿಗಳು, ಕಡೇಪಕ್ಷ ಹೋಲಿಸಿ ನೋಡಲು ಒಂದು ಅಸಲಿ ಇತ್ತು. ಜಿಮ್ಮಿನ ವಯಲ್‌ಗೆ ಅಸಲಿಯೇ ಇಲ್ಲ.

ನಮ್ಮ ರಾಜ್ಯದ್ದನ್ನೂ ನೆನಪಿಸಬೇಕು, ಮನಸ್ಸಿಗೆ ಕಷ್ಟವಾದರೂ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು, ರಾಜ್ಯವೇ ಅಲ್ಲಾಡಿತು. ಅದು ಲೈಸೆನ್ಸ್ ಇದ್ದ ಕಂಪನಿಯ ಮಾಲು, ಸರ್ಕಾರವೇ ಕೊಂಡದ್ದು. ಅಲ್ಲಿ ಬ್ಯಾಚ್ ನಂಬರ್ ಇತ್ತು, ಬಿಲ್ಲಿತ್ತು, ಯಾವ ಯಾವ ಆಸ್ಪತ್ರೆಗೆ ಹೋಗಿದೆ ಅಂತ ಪಟ್ಟಿ ಇತ್ತು, ಹಾಗಾಗಿ ಬಳಕೆ ನಿಲ್ಲಿಸಿ ಅಂತ ಆದೇಶ ಮಾಡುವುದಕ್ಕಾದರೂ ಆಯಿತು. ನಾಳೆ ಈ ಪುಡಿಯಿಂದ ಒಬ್ಬರಿಗೆ ಏನಾದರೂ ಆದರೆ ನೀವು ಯಾವ ಬ್ಯಾಚ್ ನಿಲ್ಲಿಸುತ್ತೀರಿ? ಯಾರಿಗೆ ಪತ್ರ ಬರೆಯುತ್ತೀರಿ?

ಈಗ ಕಾನೂನಿನ ವಿಷಯ. ‘ಸಂಶೋಧನೆಗೆ ಮಾತ್ರ’ ಅಂತ ಇದ್ದರೆ ನಾವೇನು ಮಾಡೋಕಾಗುತ್ತೆ ಅಂತ ಒಬ್ಬ ಅಧಿಕಾರಿ ನನ್ನ ಮುಂದೆಯೇ ಅಂದರು. ಯಾರು ಅಂತ ಬೇಡ. ಆದರೆ ಆ ಮಾತು ತಪ್ಪು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕಲಂ 3(ಬಿ) ಬಾಟಲಿ ಮೇಲೆ ಏನು ಬರೆದಿದೆ ಅಂತ ಕೇಳಲ್ಲ. ಕಾಯಿಲೆಯ ಚಿಕಿತ್ಸೆಗೆ, ಉಪಶಮನಕ್ಕೆ, ತಡೆಗೆ ಬಳಸುವ ಉದ್ದೇಶ ಇದೆಯಾ ಅಂತ ಕೇಳುತ್ತದೆ. ಉದ್ದೇಶ ತಿಳಿಯೋದಕ್ಕೆ ಪತ್ತೇದಾರಿಕೆ ಬೇಕಾ? ಜೊತೆಗೆ ಕರಗಿಸುವ ನೀರು ಮಾರುತ್ತಾನೆ, ಸೂಜಿ ಮಾರುತ್ತಾನೆ, ಎಷ್ಟು ಕೆಜಿ ಇದ್ದೀರಿ ಅಂತ ಕೇಳಿ ಡೋಸ್ ಹೇಳುತ್ತಾನೆ, ವಾಂತಿ ಬಂದರೆ ಏನು ಮಾಡಬೇಕು ಅಂತಲೂ ಹೇಳುತ್ತಾನೆ. ಯಾವ ಸಂಶೋಧಕರಿಗೆ ಯಾರು ಹೀಗೆ ಹೇಳುತ್ತಾರೆ? ಚಿಕಿತ್ಸೆಗೆ ಅಂತ ಮಾರಿದರೆ ಅದು ಔಷಧಿ. ಔಷಧಿಯನ್ನು ಲೈಸೆನ್ಸ್ ಇಲ್ಲದೆ ಮಾರಿದರೆ ಕಲಂ 18, ಶಿಕ್ಷೆ ಕಲಂ 27ರಲ್ಲಿದೆ: ಮೂರು ವರ್ಷಕ್ಕೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಜೈಲು, ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ಅಥವಾ ಜಪ್ತಿಯಾದ ಮಾಲಿನ ಮೂರು ಪಟ್ಟು, ಯಾವುದು ಜಾಸ್ತಿಯೋ ಅಷ್ಟು ದಂಡ. ಬೊಜ್ಜು ಕರಗಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಆಗಲೇ ನಿಷೇಧಿಸಿದೆ. ಹೊಸ ಕಾನೂನು ಬರುವವರೆಗೆ ಕಾಯಬೇಕಾದ್ದು ಇದರಲ್ಲಿ ಏನೂ ಇಲ್ಲ.

ಅಮೆರಿಕದ ಎಫ್‌ಡಿಎ (ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ) ಇದೇ ವಾದವನ್ನು 2024ರ ಡಿಸೆಂಬರಿನಲ್ಲಿ ಬರವಣಿಗೆಯಲ್ಲಿ ಇಟ್ಟಿತು. ಸೆಮಾಗ್ಲುಟೈಡ್, ಟಿರ್ಜೆಪಟೈಡ್, ರೆಟಾಟ್ರುಟೈಡ್ ಪುಡಿಗಳನ್ನು ಸಂಶೋಧನೆಯ ಲೇಬಲ್ ಹಾಕಿ ಆನ್‌ಲೈನ್ ಮಾರುತ್ತಿದ್ದವರಿಗೆ ಎಚ್ಚರಿಕೆ ಪತ್ರ ಕಳಿಸಿ, ನಿಮ್ಮ ಲೇಬಲ್ ಏನೇ ಹೇಳಲಿ, ನಿಮ್ಮ ಜಾಹೀರಾತು ನೋಡಿದರೆ ಇದು ಮನುಷ್ಯರಿಗೆ ಕೊಡುವ ಔಷಧಿಯೇ ಅನ್ನುವ ನಿಲುವು ತೆಗೆದುಕೊಂಡಿತು. ಅದಕ್ಕೂ ಹಿಂದೆ, 2023ರಲ್ಲಿ, ಬಿಪಿಸಿ-157ನ್ನು ಸುರಕ್ಷತೆಯ ಅನುಮಾನ ಇರುವ ವಸ್ತುಗಳ ಗುಂಪಿಗೆ ಸೇರಿಸಿ, ಔಷಧ ಕಲಸಿ ಕೊಡುವ ಫಾರ್ಮಸಿಗಳು ಅದರಿಂದ ದೂರ ಇರುವ ಹಾಗೆ ಮಾಡಿತ್ತು. ಅವರು ಮಾಡಿದ್ದೆಲ್ಲ ಸರಿ ಅಂತ ನನ್ನ ವಾದ ಅಲ್ಲ. ಅಲ್ಲೂ ಈ ವ್ಯಾಪಾರ ನಿಂತಿಲ್ಲ. ಆದರೆ ಲೇಬಲ್ ನೋಡಿ ವಾಪಸ್ ಬರುವ ಕೆಲಸ ಅವರು ಮಾಡಲಿಲ್ಲ.

ನಿಜವಾದ ಸಂಶೋಧನೆಗೆ ನಮ್ಮ ಕಾನೂನಿನಲ್ಲಿ ದಾರಿ ಇಲ್ಲವೇ? ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪರೀಕ್ಷೆಗೆ, ವಿಶ್ಲೇಷಣೆಗೆ ಹೊಸ ಔಷಧಿ ತರಿಸಬೇಕಾದರೆ ಫಾರ್ಮ್ ಸಿಟಿ-16ರಲ್ಲಿ ಅರ್ಜಿ ಹಾಕಿ ಫಾರ್ಮ್ ಸಿಟಿ-17ರಲ್ಲಿ ಲೈಸೆನ್ಸ್ ತೆಗೆದುಕೊಳ್ಳಬೇಕು. ರೋಗಿಯೊಬ್ಬರು ತಮ್ಮ ಸ್ವಂತಕ್ಕೆ ಸ್ವಲ್ಪ ಪ್ರಮಾಣದ ಔಷಧಿ ಹೊರದೇಶದಿಂದ ತರಿಸೋದಕ್ಕೂ ಫಾರ್ಮ್ 12ಎ, 12ಬಿ ಇವೆ. ದಾರಿ ಮಾಡಿಟ್ಟಿರುವಾಗ ಬೇಲಿ ಹಾರಿ ಬಂದವನನ್ನು ಎಲ್ಲಿಂದ ಬಂದೆ ಅಂತ ಕೇಳಲೇಬೇಕಲ್ಲ.

ಒಂದು ಸಂದು ಮಾತ್ರ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಾರುವವನು ಜಾಣನಾಗಿದ್ದರೆ ಕಾಯಿಲೆಯ ಹೆಸರೇ ಎತ್ತಲ್ಲ. ಕಟ್ಟುಮಸ್ತು ಮೈ, ಒಳ್ಳೆ ನಿದ್ದೆ, ವಯಸ್ಸು ಕಾಣದ ಚರ್ಮ ಅಂತಷ್ಟೇ ಹೇಳುತ್ತಾನೆ. ಮೈಯ ರಚನೆ ಅಥವಾ ಕೆಲಸದ ಮೇಲೆ ಪರಿಣಾಮ ಮಾಡಲೆಂದು ಮಾರುವ ವಸ್ತುಗಳಿಗೆ ಅದೇ ಕಲಂ 3(ಬಿ)ಯಲ್ಲಿ ಇನ್ನೊಂದು ಉಪಕಲಂ ಇದೆ, ಆದರೆ ಅದು ಅನ್ವಯವಾಗುವುದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ವಸ್ತುಗಳಿಗೆ ಮಾತ್ರ. ಈ ಪೆಪ್ಟೈಡ್‌ಗಳನ್ನು ಹೆಸರಿಸಿ ಅಂತ ನಮ್ಮ ರಾಜ್ಯ ದೆಹಲಿಗೆ ಬರೆಯಬಹುದು. ಒಂದು ಪುಟದ ಪತ್ರ ಸಾಕು. ಆಮದು ತಡೆಯುವ ಕೆಲಸ ಹೇಗೂ ಕೇಂದ್ರದ್ದು, ಮಾರಾಟ ತಡೆಯುವುದು ನಿಮ್ಮದು, ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತ ಕೂರುವುದು ಬೇಡ. ಆನ್‌ಲೈನ್ ಔಷಧ ಮಾರಾಟದ ಕರಡು ನಿಯಮ 2018ರ ಆಗಸ್ಟಿನಲ್ಲಿ ಬಂದು ವರ್ಷಗಟ್ಟಲೆ ಕರಡಾಗಿಯೇ ಕೂತಿದ್ದನ್ನು ನಾವು ಅಂಗಡಿಯವರು ನೋಡಿದ್ದೇವೆ.

ಇನ್ನು ಕೊಳ್ಳುವವರ ಮಾತು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ತೂಕ ಜಾಸ್ತಿ ಇರುವವರನ್ನು ನಮ್ಮ ಜನ ಎಷ್ಟು ಆಡಿಕೊಳ್ಳುತ್ತಾರೆ ಅಂತ ಗೊತ್ತು. ಡಾಕ್ಟರ ಹತ್ತಿರ ಹೋದರೆ “ಊಟ ಕಡಿಮೆ ಮಾಡಮ್ಮ, ವಾಕಿಂಗ್ ಹೋಗು” ಅಂತ ಎರಡೇ ನಿಮಿಷದಲ್ಲಿ ಎಬ್ಬಿಸಿ ಕಳಿಸುತ್ತಾರೆ. ಅಧಿಕೃತ ಪೆನ್ ಬಂದಾಗ ಅದರ ತಿಂಗಳ ಖರ್ಚು ಮನೆ ಬಾಡಿಗೆಯ ಮಟ್ಟದಲ್ಲಿತ್ತು, ಜನ ಅಗ್ಗದ ಪುಡಿಯ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 2026ರ ಮಾರ್ಚಿನಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿಯಿತು, ದೇಶೀ ಕಂಪನಿಗಳಿಗೆ ಬಾಗಿಲು ತೆರೆಯಿತು. ಬೆಲೆಯ ನೆಪ ಇನ್ನು ಅಷ್ಟಾಗಿ ನಡೆಯಲ್ಲ. ನನ್ನ ಮೈ, ನನ್ನ ಇಷ್ಟ ಅನ್ನುವವರಿಗೂ ಒಂದು ಮಾತು: ಇಷ್ಟಪಟ್ಟು ತೆಗೆದುಕೊಳ್ಳಿ, ಆದರೆ ಏನು ತೆಗೆದುಕೊಳ್ಳುತ್ತಿದ್ದೀರಿ ಅಂತ ಗೊತ್ತಿದ್ದರೆ ತಾನೇ ಅದು ಇಷ್ಟ? ಬಿಪಿಸಿ-157ರ ಬಗ್ಗೆ ಇರುವ ಅಧ್ಯಯನಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ಮಾಡಿದ್ದು, ಅದೂ ಬಹುಪಾಲು ಕ್ರೊವೇಷಿಯಾದ ಒಂದೇ ತಂಡದಿಂದ ಬಂದದ್ದು. ಕಂಠೀರವದ ಟ್ರ್ಯಾಕಿನಲ್ಲಿ ಬೆಳಗ್ಗೆ ಓಡುವ ಮಕ್ಕಳ ಅಪ್ಪ-ಅಮ್ಮಂದಿರಿಗೂ ತಿಳಿದಿರಲಿ, ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಿಂದ ಇದನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿದೆ. ಕೋಚ್ ಕೊಟ್ಟರು, ನನಗೆ ಗೊತ್ತಿರಲಿಲ್ಲ ಅಂದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಗುವನ್ನು ಯಾರೂ ಬಿಡಲ್ಲ.

ಹಾಗಾದರೆ ಎಲ್ಲವನ್ನೂ ಬ್ಯಾನ್ ಮಾಡಿ ಅಂತೀರಾ? ಖಂಡಿತ ಬೇಡ. ಇಲ್ಲಿ ನಿಮಗೆ ಆಕ್ಸಿಟೋಸಿನ್ ಕಥೆ ನೆನಪಿಸುತ್ತೇನೆ, ಅದು ಅರ್ಧ ಬೆಂಗಳೂರಿನದೇ ಕಥೆ. ಹಸು ಎಮ್ಮೆಗಳಿಗೆ ಹಾಲು ಇಳಿಸಲು ಆಕ್ಸಿಟೋಸಿನ್ ಚುಚ್ಚುತ್ತಾರೆ ಅಂತ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಅದನ್ನು ತಯಾರಿಸುವುದನ್ನೇ ನಿಷೇಧಿಸಿತು. ಇನ್ನು ಮುಂದೆ ನಮ್ಮ ಪೀಣ್ಯದ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ಇಡೀ ದೇಶಕ್ಕೆ ಕೊಡಬೇಕು ಅಂದಿತು. ಆಕ್ಸಿಟೋಸಿನ್ ಅಂದರೆ ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲಿಸುವ ಮೊದಲ ಔಷಧಿ. ಒಂದೇ ಕಾರ್ಖಾನೆ ನಂಬಿಕೊಂಡು ಮಾಲು ಬರದಿದ್ದರೆ ತಾಯಂದಿರ ಗತಿ ಏನು ಅಂತ ಔಷಧ ಕಂಪನಿಗಳು, ರೋಗಿಗಳ ಪರ ಸಂಘಟನೆ ಕೋರ್ಟಿಗೆ ಹೋದವು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಕೊಟ್ಟಿಗೆಗಳಿಗೆ ಕದ್ದು ಬರುತ್ತಿದ್ದ ಮಾಲಿನ ಜಾಡು ಹಿಡಿಯುವ ಬದಲು, ಲೈಸೆನ್ಸ್ ಇಟ್ಟುಕೊಂಡು ಆಸ್ಪತ್ರೆಗೆ ಕೊಡುತ್ತಿದ್ದವರ ಬಾಗಿಲು ಮುಚ್ಚಿದ್ದೇ ಅಲ್ಲಿ ಆದ ಎಡವಟ್ಟು. ಪೆಪ್ಟೈಡ್ ವಿಷಯದಲ್ಲೂ ನಾಳೆ ಗಲಾಟೆಯಾದಾಗ ಹೀಗೇ ಆಗಬಹುದು ಅನ್ನುವ ಹೆದರಿಕೆ ನನಗಿದೆ. ಒಂದು ಸಾವಾಗುತ್ತದೆ, ಟೀವಿಯಲ್ಲಿ ಮೂರು ದಿನ ಓಡುತ್ತದೆ, ಕೂಡಲೇ ಒಂದು ಸುತ್ತೋಲೆ. ಟಾಟಾ ಇನ್‌ಸ್ಟಿಟ್ಯೂಟಿನ ಪಿಎಚ್‌ಡಿ ಹುಡುಗಿ ಆರ್ಡರ್ ಮಾಡಿದ ಪೆಪ್ಟೈಡ್ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಕೂತು ಹಾಳಾಗುತ್ತದೆ, ನನ್ನ ಅಂಗಡಿಗೆ ಇನ್‌ಸ್ಪೆಕ್ಟರ್ ಬಂದು ಪೆನ್ನುಗಳನ್ನು ಎಣಿಸುತ್ತಾರೆ, ವಾಟ್ಸ್‌ಆ್ಯಪ್‌ನವನು ನಂಬರ್ ಬದಲಾಯಿಸಿಕೊಂಡು ಮುಂದುವರಿಯುತ್ತಾನೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಕೊಂಡುಕೊಳ್ಳಿ. ಗಿರಾಕಿಯ ಹಾಗೆ ನಿಮ್ಮ ಇನ್‌ಸ್ಪೆಕ್ಟರುಗಳೇ ಆರ್ಡರ್ ಮಾಡಿ ತರಿಸಿಕೊಂಡು ನೋಡಲಿ. ಯಾರಿಂದ, ಎಲ್ಲಿಂದ ಬರುತ್ತದೆ ಅಂತ ತಿಳಿದ ಮೇಲೆ ಅಲ್ಲಿಗೇ ಹೋಗಿ ಕಲಂ 23ರ ಕ್ರಮದಲ್ಲಿ ಸ್ಯಾಂಪಲ್ ತೆಗೆದು, ಸೀಲ್ ಮಾಡಿ, ಸರ್ಕಾರಿ ವಿಶ್ಲೇಷಕರಿಗೆ ಕಳಿಸಲಿ. ಏನಿದೆ, ಎಷ್ಟಿದೆ, ಸ್ಟೆರೈಲ್ ಹೌದಾ, ಎಂಡೋಟಾಕ್ಸಿನ್ ಎಷ್ಟು, ಈ ನಾಲ್ಕೇ ಪ್ರಶ್ನೆ. ಫಲಿತಾಂಶವನ್ನು ಜನರಿಗೆ ಕಾಣುವ ಹಾಗೆ ಪ್ರಕಟಿಸಿ, ಒಳ್ಳೆಯದು ಬಂದರೆ ಅದನ್ನೂ ಪ್ರಕಟಿಸಿ. ಆಮೇಲೆ ಕಲಂ 18ಎ ಇದೆಯಲ್ಲ, ಮಾಲು ಯಾರಿಂದ ಬಂತು ಅಂತ ಮಾರಿದವನು ಹೇಳಲೇಬೇಕು ಅನ್ನುವುದು, ಅದನ್ನು ಹಿಡಿದು ಹಿಂದೆ ಹಿಂದೆ ಹೋಗಿ. ಟ್ರೈನರ್ ಸಣ್ಣ ಮೀನು. ಅವನನ್ನು ಮಾತ್ರ ಹಿಡಿದು ಫೋಟೋ ತೆಗೆಸಿಕೊಂಡರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಪುಡಿಯನ್ನು ಕಿಲೋಗಟ್ಟಲೆ ತರಿಸಿ ವಯಲ್‌ಗೆ ತುಂಬುವವನು ಒಬ್ಬ ಇರಲೇಬೇಕು, ಆ ಜಾಗ ಯಾವುದು ಅಂತ ಗೊತ್ತಾಗಬೇಕು.

ನಮ್ಮ ಕಸುಬಿನವರಿಗೂ ಒಂದು ಸುತ್ತೋಲೆ ಕಳಿಸಿ. ಇನ್ಸುಲಿನ್ ಸಿರಿಂಜ್ ಕೇಳಿದವರನ್ನು ಯಾವ ಇನ್ಸುಲಿನ್, 40ರದ್ದಾ 100ರದ್ದಾ ಅಂತ ಕೇಳಿಯೇ ಕೊಡಿ ಅಂತ. ಇದಕ್ಕೆ ಕಾನೂನು ಬೇಡ, ಒಂದು ಸಾಲು ಸಾಕು. ಪುಡಿ ಚುಚ್ಚಿಕೊಳ್ಳುವವರಷ್ಟೇ ಅಲ್ಲ, ನಿಜವಾದ ಸಕ್ಕರೆ ಕಾಯಿಲೆಯವರೂ ಇದರಿಂದ ಉಳಿದುಕೊಳ್ಳುತ್ತಾರೆ.

ಕೊನೆಯದಾಗಿ ಕಲಂ 26. ಯಾರು ಬೇಕಾದರೂ, ತಾವು ಕೊಂಡ ಔಷಧಿಯನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಹಾಕಿದ ವರದಿ ಪಡೆಯಬಹುದು ಅಂತ ಅದರಲ್ಲಿದೆ. ಈ ಹಕ್ಕು ಇದೆ ಅಂತ ನನ್ನ ಗಿರಾಕಿಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ, ಹೇಳಿದರೆ ನಂಬುವುದೂ ಇಲ್ಲ. ಅರ್ಜಿ ಯಾವ ಕೌಂಟರಿನಲ್ಲಿ ಕೊಡಬೇಕು, ಶುಲ್ಕ ಎಷ್ಟು, ಬಾಟಲಿಯನ್ನು ಹೇಗೆ ತರಬೇಕು, ವರದಿ ಬರಲು ಎಷ್ಟು ದಿನ, ಪುಡಿ ತಂದುಕೊಟ್ಟವರ ಮೇಲೆಯೇ ಕೇಸ್ ಹಾಕುತ್ತೀರಾ ಇಲ್ಲವಾ, ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದು ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ, ನಮಗೂ ಕಳಿಸಿ. ಪ್ರಿಂಟ್ ತೆಗೆದು ಲೈಸೆನ್ಸ್ ಪಕ್ಕದಲ್ಲಿ ಅಂಟಿಸುವ ಜವಾಬ್ದಾರಿ ನನ್ನದು.

ಇಂತಿ,
ರಾಜಾಜಿನಗರದ ಒಬ್ಬ ಫಾರ್ಮಸಿಸ್ಟ್